ವೈನಿಗೂ ಒಂದು ಸೊಗಡು

ವೈನನ್ನು ಕುಡಿಯುವ ಮೊದಲು ಮೂಸಬೇಕು ಎಂದು ತಿಳಿದ ದಿನದಿಂದ ನಾನು ಕೆಟ್ಟೆ. ಕುಡಿದು ಕೆಟ್ಟವರನ್ನು ನೀವು ನೋಡಿರುತ್ತೀರಿ. ಮೂಸಿ ಕೆಟ್ಟವನು ನಮ್ಮ ತಾಲ್ಲೂಕಿಗೆ ನಾನೊಬ್ಬನೇ ಇರಬೇಕು.

ಆಗ ನನಗೆ ಇಪ್ಪತ್ತೇಳು. ಹಳ್ಳಿಮೈಸೂರಿನಲ್ಲಿ ದನದ ಡಾಕ್ಟರು. ಹೊಳೆನರಸೀಪುರದಲ್ಲಿ ಸಣ್ಣೇಗೌಡರ ಮನೆಯ ಮಹಡಿ ಮೇಲೆ ಒಂದು ರೂಮು, ಒಂದು ಹಾಸಿಗೆ, ಒಂದು ಕುರ್ಚಿ. ಎರಡನೆಯ ಕುರ್ಚಿ ಬೇಕಾಗುವಷ್ಟು ಯಾರೂ ಬರುತ್ತಿರಲಿಲ್ಲ. ಹಗಲೆಲ್ಲ ಎಮ್ಮೆಗಳ ಜೊತೆ ಮಾತಾಡಿ ಬಂದವನಿಗೆ ಸಂಜೆಯಾದರೆ ಮನುಷ್ಯರ ದನಿ ಬೇಕೆನಿಸುತ್ತಿತ್ತು. ಫೋನಿನಲ್ಲಿ ವೈನ್ ಪಂಡಿತನೊಬ್ಬ ಗ್ಲಾಸು ತಿರುಗಿಸುತ್ತಾ ಮಾತಾಡುತ್ತಿದ್ದ. ಕೇಳುತ್ತಾ ಕೂತೆ. ಮುಂದಿನ ವಾರವೇ ಹಾಸನಕ್ಕೆ ಹೋಗಿ ಬಾಟಲಿ ತಂದೆ.

ಮೊದಲನೆಯದು ಚಪ್ಪಲಿಯ ಬೆಲೆ, ನಾಲ್ಕನೆಯದು ಬೂಟಿನ ಬೆಲೆ. ಆಮೇಲೆ ಉದ್ದ ಕಾಲಿನ ಗ್ಲಾಸುಗಳು, ಬಿರಡೆ ಕೀಳುವ ತಿರುಪು, ಬಾಟಲಿ ಮಲಗಿಸಲು ಮರದ ತೊಟ್ಟಿಲು. ಮಲಗಿಯೇ ಇರಬೇಕಂತೆ, ಬೆಳಕು ಬೀಳಬಾರದಂತೆ, ಸೆಕೆ ತಾಗಬಾರದಂತೆ. ನಮ್ಮ ಕಡೆ ಬಾಣಂತಿಗೂ ಇಷ್ಟು ಪಥ್ಯವಿಲ್ಲ.

ಒಳ್ಳೆಯ ಕೆಂಪು ವೈನಿನಲ್ಲಿ ಒದ್ದೆ ಮಣ್ಣು, ಒಣಹುಲ್ಲು, ಹದ ಮಾಡಿದ ಚರ್ಮ, ಕೊಟ್ಟಿಗೆ, ಇಷ್ಟೂ ವಾಸನೆ ಸಿಗಬೇಕೆಂದು ಪಂಡಿತ ಹೇಳುತ್ತಿದ್ದ. ಇವೆಲ್ಲ ದಿನವೂ ನನ್ನ ಪ್ಯಾಂಟಿಗೆ ಪುಕ್ಕಟೆ ಅಂಟಿಕೊಂಡು ಬರುತ್ತಿದ್ದವು. ಅವನ್ನು ಸೋಪು ಹಾಕಿ ತೊಳೆದು, ಅವೇ ವಾಸನೆಗಳನ್ನು ಹಾಸನದಿಂದ ದುಡ್ಡು ಕೊಟ್ಟು ತರುತ್ತಿದ್ದೆ. ಜಾಣತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನೊಂದು ತೊಡಕಿತ್ತು. ತೆರೆದ ಬಾಟಲಿ ಮೂರು ನಾಲ್ಕು ದಿನಕ್ಕೆ ಹುಳಿಯಾಗುತ್ತದೆ. ಒಬ್ಬಂಟಿ ಒಂದೋ ಪೂರ್ತಿ ಕುಡಿಯಬೇಕು, ಇಲ್ಲ ಹುಳಿಯಾಗುವುದನ್ನು ನೋಡುತ್ತಾ ಕೂರಬೇಕು. ನಾನು ಎರಡನ್ನೂ ಮಾಡಿದೆ.

ಆ ಡಿಸೆಂಬರಿನಲ್ಲಿ ನನ್ನ ಹುಟ್ಟುಹಬ್ಬಕ್ಕಾದರೂ ಒಬ್ಬನೇ ಕುಡಿಯಬಾರದೆಂದು ಅರಕಲಗೂಡಿನ ಗೆಳೆಯನನ್ನು ಊಟಕ್ಕೆ ಕರೆದೆ. ಅರ್ಧ ತಿಂಗಳ ಸಂಬಳ ಸುರಿದು ಬಾಟಲಿ ತಂದು, ಪಂಡಿತ ಹೇಳಿದಂತೆ ವೈನು ಉಸಿರಾಡಲೆಂದು ಬೆಳಿಗ್ಗೆಯೇ ಬಿರಡೆ ಕಿತ್ತಿಟ್ಟೆ. ಹನ್ನೆರಡಕ್ಕೆ ಫೋನು ಬಂತು.

"ಲೇ, ಅತ್ತೆ ಮನೇವ್ರು ಬಂದ್ಬುಟ್ಟವ್ರೆ ಕಣ್ಲಾ. ಇನ್ನೊಂದಿನ ಬತ್ತೀನಿ. ಮುಚ್ಚಿಡು."

ಮುಚ್ಚಿಟ್ಟರೆ ಉಳಿಯುವ ಸರಕೇ ಅದು? ಒಂಟಿ ಕುರ್ಚಿಯಿಂದ ಎದ್ದೆ. ಬಾಟಲಿ, ಗ್ಲಾಸು ಹಿಡಿದು ಮೆಟ್ಟಿಲಿಳಿದೆ.

ಕೆಳಗೆ ಜಗಲಿಯಲ್ಲಿ ಅವರೆಕಾಯಿ ರಾಶಿ. ಸಣ್ಣೇಗೌಡರು ಒಂದು ಕಾಯಿಯನ್ನು ಮೂಗಿಗೆ ಹಿಡಿದಿದ್ದರು.

"ಇದು ನುಗ್ಗೇಹಳ್ಳಿ ಕಡೇದು ಕಣೇ. ಇಬ್ಬನಿ ಸರ್ಯಾಗಿ ಕುಡ್ದಿಲ್ಲ. ಸೊಗಡು ಮ್ಯಾಲ್ಮ್ಯಾಲೆ ಅದೆ."

"ಮೂಸಿದ್ದು ಸಾಕು, ಸುಲೀರಿ," ಎಂದರು ಅವರ ಹೆಂಡತಿ ಪುಟ್ಟತಾಯಮ್ಮ.

ನನ್ನ ಪಂಡಿತ ವಾರಗಟ್ಟಲೆ ಕಲಿಸಿದ ವಿದ್ಯೆಯನ್ನು ಗೌಡರು ಒಂದು ಕಾಯಿಯಲ್ಲಿ ಮುಗಿಸಿದ್ದರು. ನಾನೂ ಸೋಲದೆ ಗ್ಲಾಸು ತುಂಬಿ ಅವರ ಕೈಗಿಟ್ಟು, ಯಾವ ಸೀಮೆಯ ದ್ರಾಕ್ಷಿ, ಎಷ್ಟು ವರ್ಷ ಇಟ್ಟದ್ದು ಎಂದು ಶುರು ಮಾಡಿದೆ. ಗೌಡರು ಮೂಸಿದರು.

"ಮರದ ಪೀಪಾಯೀಲಿ ಮಡಗಿದ್ರಾ?"

ಲೇಬಲ್ಲಿನಲ್ಲಿ ಅದೇ ಬರೆದಿತ್ತು. ನಾನು ಪೀಪಾಯಿಯ ಮಹಿಮೆಗೆ ಬಾಯಿ ತೆರೆಯುವಷ್ಟರಲ್ಲಿ ಪುಟ್ಟತಾಯಮ್ಮ ನೆನೆಸಿದ ಕಾಳಿನ ಬೋಗುಣಿಯನ್ನು ನನ್ನ ಮುಂದಕ್ಕೆ ತಳ್ಳಿದರು.

"ಡಾಕ್ಟ್ರೇ, ನಿಂತ್ಕಂಡು ಪಾಠ ಯೋಳೋ ಬದ್ಲು ಕುಂತ್ಕಂಡು ಇತುಕ್ರಿ. ಕೈ ಕಮ್ಮಿ ಅವೆ."

ಗೌಡರಿಂದ ಗ್ಲಾಸು ಈಸಿಕೊಂಡು ಎರಡು ಗುಟುಕು ಕುಡಿದು ಕೂತೆ. ಹಿತುಕುವುದೆಂದರೆ ಕಾಳನ್ನು ಬೆರಳಲ್ಲಿ ಒತ್ತಿದಾಗ ಸಿಪ್ಪೆ ಕೈಯಲ್ಲುಳಿದು ಬೇಳೆ ಹೊರಬರಬೇಕು. ನನ್ನ ಮೊದಲ ಬೇಳೆ ಗೌಡರ ಕನ್ನಡಕಕ್ಕೆ ಬಡಿಯಿತು.

"ಹಸ ಕರ್ದಂಗೆ ಇಂಡ್‌ಬ್ಯಾಡಿ. ಮೆತ್ತಗೆ," ಎಂದರು ಪುಟ್ಟತಾಯಮ್ಮ. ಆಮೇಲೆ ಒಂದೊಂದೇ ವಿಚಾರಣೆ: ಅಮ್ಮನ ಮಂಡಿನೋವು ಹೇಗಿದೆ, ಹೆಣ್ಣು ನೋಡುತ್ತಿದ್ದಾರೋ ಇಲ್ಲವೋ, ಇಷ್ಟು ದಿನ ಮಹಡಿ ಮೇಲೆ ಒಬ್ಬನೇ ಕೂತು ಏನು ಮಾಡುತ್ತಿದ್ದೆ. ಕೊನೆಯದಕ್ಕೆ ಇನ್ನೊಂದು ಹಿಡಿ ಕಾಳು ಎತ್ತಿಕೊಂಡೆ. ಮಿಕ್ಕಿದ್ದಕ್ಕೆಲ್ಲ ಸಾಕೆನ್ನುವಷ್ಟು ಹೇಳಿದೆ.

ಬೋಗುಣಿ ಬರಿದಾದಾಗ ತಲೆಯೆತ್ತಿದೆ. ಬಾಟಲಿಯೂ ಬರಿದಾಗಿತ್ತು. ಗೌಡರ ಕೈಯಲ್ಲಿ ಸ್ಟೀಲ್ ಲೋಟ.

"ಪೀಪಾಯಿ ಇಸ್ಯ ಏನೋ ಯೋಳಕ್ಕೋಗಿದ್ರಲ್ಲ ಡಾಕ್ಟ್ರೇ?"

ನನಗೆ ಮರೆತೇಹೋಗಿತ್ತು. ಅಷ್ಟು ಬೆಲೆಯ ಬಾಟಲಿಯಲ್ಲಿ ನನ್ನ ಪಾಲಿಗೆ ಬಂದದ್ದು ಆ ಎರಡು ಗುಟುಕು. ಆದರೂ ಅಲ್ಲಿಯವರೆಗೆ ಕೊಂಡವುಗಳಲ್ಲಿ ಅಗ್ಗಕ್ಕೆ ಬಿದ್ದದ್ದು ಅದೊಂದೇ.