ಹಗಲೊತ್ತಿನ ಕತೆ

ಮಧ್ಯಾಹ್ನ ಶೇಂಗಾ ಹುರಿಯುವಾಗ ಎದ್ದ ಘಮ ನನ್ನನ್ನು ದೋರನಹಳ್ಳಿಯ ಅಜ್ಜಿಯ ಪಡಸಾಲೆಗೆ ಎಳೆದೊಯ್ದಿತು.

ನಾನಾಗ ಸಣ್ಣವಳು. ಅಜ್ಜಿ ಶೇಂಗಾ ಸುಲಿಯುತ್ತಿದ್ದಳು. ನಾನು ಕತೆಗಾಗಿ ಸೆರಗು ಜಗ್ಗಿದೆ.

"ಹಗಲೊತ್ತು ಕತಿ ಹೇಳಿದ್ರ ಸ್ವಾದರಮಾವ ದಾರಿ ತಪ್ಪತಾನ, ಸುಮ್ಕಿರು," ಎಂದು ಗದರಿದಳು. ನಾನು ಅತ್ತೂ ಅತ್ತೂ ಹಾವು ಮದುಮಗನಾದ ಕತೆ ಹೇಳಿಸಿಕೊಂಡೆ.

ತಿಂಥಣಿಗೆ ಹೋಗಿದ್ದ ಮಾವ ಅಂದು ಮನೆಗೆ ಬರಲಿಲ್ಲ. "ನನ್ನ ಬಾಯೇ ನನ್ನ ಮಗನ ದಾರಿ ತಪ್ಪಿಸ್ತು," ಎನ್ನುತ್ತ ಅಜ್ಜಿ ಹೊಸ್ತಿಲಲ್ಲೇ ಕುಳಿತಳು. ಹಟ ನನ್ನದೆಂದು ನಾನು ಬಾಯಿಬಿಡಲಿಲ್ಲ.

ಬೆಳಿಗ್ಗೆ ಮಾವ ನಗುತ್ತಲೇ ಬಂದ. "ಬಸ್ ತಪ್ಪಿತ್ತಬೇ, ಅಷ್ಟ." ಅಜ್ಜಿ ನಗಲಿಲ್ಲ. ಆಮೇಲೆ ಎಂದೂ, ರಾತ್ರಿಯೂ ಕತೆ ಹೇಳಲಿಲ್ಲ.

ಇವತ್ತು ಮಗಳು, "ಅವ್ವಾ, ಒಂದು ಕತಿ ಹೇಳು," ಎಂದು ಒಲೆಯ ಪಕ್ಕ ಕೂತಳು. ನನ್ನ ತಮ್ಮ ಯಾದಗಿರಿಯಿಂದ ಬೈಕಿನಲ್ಲಿ ಹೊರಟಿದ್ದಾನೆ.

"ತಡಿ, ನಿಮ್ಮ ಮಾವ ಮೊದ್ಲು ಮನಿ ಮುಟ್ಟಲಿ," ಎಂದೆ.