ಕೆಳಮುಖದ ಬಾಳೆಕಾಯಿ

ಬಟ್ಟೆಯ ಬಣ್ಣ ಹಸಿರೋ ನೀಲಿಯೋ, ನನ್ನ ನೆನಪನ್ನು ಪೂರ್ತಿ ನಂಬಲಾರೆ. ಅದರ ಮೇಲಿನ ಬಾಳೆಗೊನೆ ಮಾತ್ರ ಮರೆತಿಲ್ಲ. ಇಲ್ಲಿ ನೈರೋಬಿಯ ಹೆಂಗಸರು ಉಡುವ ಕಿಟೆಂಗೆ ಬಟ್ಟೆಗಾಗಿ, ಮಿಲ್ಲೊಂದಕ್ಕೆ ಚಿತ್ರ ಬರೆದುಕೊಡುತ್ತಿದ್ದ ಚಿಕ್ಕಮ್ಮ ಅದನ್ನು ಜಾವಾದ ಹಳೆಯ ಬಾಟಿಕ್ ಬಟ್ಟೆಯೊಂದನ್ನು ನೋಡಿ ಬರೆದಿದ್ದರು. ಕಾಯಿಗಳೆಲ್ಲ ಕೆಳಮುಖ. ಹಿಂದಿನ ಸಲ ನೈರೋಬಿಗೆ ಬಂದಾಗ ನಾನು ಸಸ್ಯಶಾಸ್ತ್ರದಲ್ಲಿ ಆಗಷ್ಟೇ ಎಂ.ಎಸ್ಸಿ. ಮುಗಿಸಿದ್ದೆ. ಬಾಳೆಕಾಯಿ ಮೇಲಕ್ಕೆ ಬಾಗುತ್ತದೆ ಎಂದು ಹಟ ಹಿಡಿದು, ಆಗಲೇ ಅಚ್ಚಾಗಿ ಮಾರಾಟದಲ್ಲಿದ್ದ ಚಿತ್ರವನ್ನು ತಿದ್ದಿಸಿದ್ದೆ.

ಇವತ್ತು ಪಂಗಾನಿ ಬಡಾವಣೆಯ ಬಟ್ಟೆ ಅಂಗಡಿಯಲ್ಲಿ ಆ ತಿದ್ದಿದ ಬಟ್ಟೆ ಧೂಳು ಹಿಡಿದು ಕೂತಿತ್ತು. ಹೆಂಗಸೊಬ್ಬಳು ತಾನು ಉಟ್ಟಿದ್ದ, ಬಣ್ಣವೇ ತಿಳಿಯದಷ್ಟು ಮಾಸಿದ ಕಿಟೆಂಗೆ ತೋರಿಸಿ ಸ್ವಾಹಿಲಿಯಲ್ಲಿ ಏನೋ ಕೇಳಿದಳು. ಅದರಲ್ಲಿ ಕೆಳಮುಖದ ಬಾಳೆ. ಅಂಗಡಿಯವನು ಇಲ್ಲವೆಂದು ತಲೆಯಾಡಿಸಿದ.

“ಏನಂತೆ ಚಿಕ್ಕಮ್ಮ?”

“ಮಳೆ ಸುರಿದ ಹಾಗಿರೋ ಆ ಬಾಳೆನೇ ಬೇಕಂತೆ. ಈ ಹೊಸದು ಹಣ್ಣಿನಂಗಡೀಲಿ ನೇತುಹಾಕಿದ ಗೊನೆ, ಇದನ್ಯಾರು ಉಡ್ತಾರೆ ಅಂತಾಳೆ!” ಚಿಕ್ಕಮ್ಮ ನಕ್ಕರು. “ಓಡಲಿಲ್ಲ ಕಣೇ ಅದು. ಮಿಲ್‌ನವರು ಮತ್ತೆ ನನ್ನನ್ನ ಕರೀಲೇ ಇಲ್ಲ.”

ನನಗೆ ನಗು ಬರಲಿಲ್ಲ. ವಾಪಸು ಬರುವಾಗ ಮಟಾಟು ವ್ಯಾನಿನಲ್ಲಿ ಒಂದು ಮಾತು ಕೇಳಿದೆ.

“ನಿಮಗೆ ಹಳೇದೇ ಇಷ್ಟ ಇತ್ತಲ್ಲ ಚಿಕ್ಕಮ್ಮ, ನನ್ನ ಮಾತು ಯಾಕೆ ಕೇಳಿದ್ರಿ?”