ಎರ್ಗಾಶನ ಚಾಕುವಿನ ಅಲ್ಲಾಡುವ ಹಿಡಿ

ಗಂಡ ಎರ್ಗಾಶ್ ಸತ್ತು ವರ್ಷ ತುಂಬುವುದನ್ನೇ ಕಾಯುತ್ತಿದ್ದವಳಂತೆ ಮಸ್ತುರಾ ಅವನ ಮಡಚುವ ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಚೂಸ್ತ್ ಪೇಟೆಯ ಚಾಕುಗಾರರ ಸಾಲಿಗೆ ಬಂದಳು. ಹಿಡಿಗೆ ಕೂಡಿಸಿದ್ದ ಜರ್ದಾಳು ಮರದ ಎರಡು ಪಟ್ಟಿಗಳೂ ಮುದುಕರ ಹಲ್ಲಿನಂತೆ ಅಲ್ಲಾಡುತ್ತಿದ್ದವು.

“ಗಟ್ಟಿ ಮಾಡ್ಕೊಡು ಮಗಾ. ಪಕ್ಕದ್ಮನೆ ಕಟುಕ ಕೇಳ್ತಿದಾನೆ. ಕೊಟ್ಟು ಕೈ ತೊಳ್ಕೋತೀನಿ.”

ಹಿರಿಯ ಹೆಂಗಸರನ್ನೆಲ್ಲ ಖೋಲಾ, ಚಿಕ್ಕಮ್ಮ, ಎಂದೇ ಕರೆಯುವ ಚಾಕುಗಾರ ಉಸ್ತಾ ಗೈರತ್ ನಕ್ಕ. “ಯಜಮಾನ್ರ ನೆನಪಿಗೆ ಅಂತ ಇಟ್ಕೊಳ್ಳೋರ್ನ ನೋಡಿದೀನಿ ಖೋಲಾ. ಹಿಂಗೆ ಸಾಗಹಾಕೋರು ನೀವೇ ಮೊದಲು.”

“ಆ ನೆನಪು ಬೇಡ ಅಂತ್ಲೇ ಕೊಡ್ತಿರೋದು.”

ಅವಳ ಸಿಟ್ಟು ನಿನ್ನೆ ಮೊನ್ನೆಯದಲ್ಲ. ಚೊಚ್ಚಲ ಮಗು ನಸೀಬಾಳ ತೊಟ್ಟಿಲಲ್ಲಿ, ದೃಷ್ಟಿ ತಾಗದಿರಲೆಂದು, ತಲೆದಿಂಬಿನ ಕೆಳಗೆ ಇದೇ ಚಾಕು ಇಟ್ಟಿದ್ದರು. ಬಾಣಂತನದ ಚಿಲ್ಲಾದ ನಲವತ್ತು ದಿನ ಕಳೆದ ಮೇಲೆ ಹುಟ್ಟುಗೂದಲು ತೆಗೆಸಿ, ತನ್ನ ಮದುವೆಯ ಅಂಗಿಯ ಅಂಚಿನಿಂದ ಕೆಂಪು ನೂಲು ಕಿತ್ತು ಮಸ್ತುರಾಳೇ ಆ ಕೂದಲನ್ನು ಕಟ್ಟಿ ಚಾಕುವಿನ ಪಕ್ಕದಲ್ಲಿಟ್ಟಿದ್ದಳು. ಆಮೇಲೆ ಜ್ವರ ಬಂತು. ಮಗು ಉಳಿಯಲಿಲ್ಲ.

ಎರ್ಗಾಶ್ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮಣ್ಣು ಮಾಡಿ ಬಂದವನೇ ದಿಂಬಿನ ಕೆಳಗಿನ ಚಾಕು ತೆಗೆದುಕೊಂಡು ಕರಬೂಜದ ಹೊಲಕ್ಕೆ ಹೋದ. ಕೂದಲೆಲ್ಲಿ ಎಂದು ಕೇಳಿದರೆ “ಮಗು ಜೊತೆ ಹೋಯ್ತು” ಎಂದ. ಮತ್ತೆಂದೂ ಆ ಮಗುವಿನ ಹೆಸರೆತ್ತಲಿಲ್ಲ, ಪುಣ್ಯಾತ್ಮ!

ಚಾಕುವಿನ ಹಿಡಿ ಸಡಿಲವಾದದ್ದೂ ಆಗಲೇ. ಒಂದು ದಿನ ಅವಳು, ಊರಿನವರೆಲ್ಲ ಮಾಡುವಂತೆ, ಮರ ಉಬ್ಬಿ ಬಿಗಿಯಾಗಲೆಂದು ಅದನ್ನು ಬೋಗುಣಿ ನೀರಲ್ಲಿ ನೆನೆಹಾಕಿದಳು. ಬದುಕಿನಲ್ಲೇ ದನಿ ಏರಿಸದ ಮನುಷ್ಯ ಅವತ್ತು ಅರಚಿ, ಬೋಗುಣಿಯನ್ನು ಅಂಗಳಕ್ಕೆ ಎಸೆದ. ಊಟ ಬಿಟ್ಟು, ಒಲೆ ಮುಂದೆ ಕೂತು, ಚಾಕುವನ್ನು ಅಂಗೈಯಲ್ಲಿಟ್ಟು ಒಣಗಿಸಿದ. ಮಗುವಿಗಿಲ್ಲದ ಮರುಕ ಕಬ್ಬಿಣದ ತುಂಡಿಗೆ! ಕಲ್ಲೆದೆಯವನು ಎಂದು ಅವತ್ತೇ ತೀರ್ಮಾನಿಸಿದಳು. ಆಮೇಲೆ ಮೂರು ಗಂಡುಮಕ್ಕಳನ್ನು ಹೆತ್ತಳು, ಸಾಯುವವರೆಗೂ ಅವನಿಗೆ ಪಲಾವ್ ಬಡಿಸಿದಳು. ಆದರೆ ಆ ಮುಳ್ಳು ಮಾತ್ರ ಒಳಗೇ ಉಳಿಯಿತು.

ಗೈರತ್ ಚಾಕುವನ್ನು ಬೆಳಕಿಗೆ ಹಿಡಿದು ಮೂಗು ಮುರಿದ. “ಯಾರೋ ಇದನ್ನ ಒಂದ್ಸಲ ಬಿಚ್ಚಿದಾರೆ. ರಿವೆಟ್ ಜಾಗಕ್ಕೆ ಕುದುರೆ ಲಾಳದ ಮೊಳೆ ಕತ್ತರ್ಸಿ ಬಡಿದಿದಾರಲ್ಲ! ಯಾವ ಕತ್ತೆ ಮಾಡಿದ ಕೆಲ್ಸ ಇದು?”

“ನಮ್ಮನೆಯವ್ರು ಇದನ್ನ ಯಾರ ಕೈಗೂ ಕೊಟ್ಟೋರಲ್ಲ.”

“ಹಂಗಾದ್ರೆ ಆ ಕತ್ತೆ... ಬೇಜಾರಾಗ್ಬೇಡಿ ಖೋಲಾ.”

ಮೊಳೆಯ ತಲೆಯನ್ನು ಅರದಿಂದ ಉಜ್ಜಿ, ಹಿಂದಿನಿಂದ ಬಡಿದ. ಪಟ್ಟಿ ಕಳಚಿ ಬಂತು. ಒಳಗೆ ಏನೋ ಕಸವಿತ್ತು. ಊದಿ ಹಾರಿಸಲೆಂದು ಬಾಯಿ ಹತ್ತಿರ ತಂದವನು ಹಾಗೇ ನಿಂತುಬಿಟ್ಟ.

“ಖೋಲಾ... ಇಲ್ನೋಡಿ.”

ಮರದ ಪಟ್ಟಿಗೂ ಒಳಗಿನ ತಗಡಿಗೂ ನಡುವೆ ಒಂದು ಚಿಟಿಕೆ ಕೂದಲು. ರೇಷ್ಮೆಯಷ್ಟು ನಯ. ಅದಕ್ಕೊಂದು ಕೆಂಪು ನೂಲು.

ಮಸ್ತುರಾ ಬಗ್ಗಿ ನೋಡಿದಳು. ಆ ಗಂಟು ಅವಳದೇ. ಅಂಗಡಿಯ ಕಟ್ಟೆ ಹಿಡಿದು ಅಲ್ಲೇ ಕೂತುಬಿಟ್ಟಳು. ಗೈರತ್ ನೀರು ತಂದರೆ ಬಟ್ಟಲನ್ನು ಕಂಡು ಹಾವು ಕಂಡವಳಂತೆ ಬೆಚ್ಚಿಬಿದ್ದಳು.

“ನೀರು... ನಾನು ನೀರಲ್ಲಿ ನೆನೆಹಾಕ್ಬಿಟ್ಟಿದ್ದೆ, ಮಗಾ. ನನ್ನ ಕೂಸಿನ ಕೂದ್ಲು... ಕೊಳೆತು ಹೋಗಿದ್ಯಾ? ಮುಟ್ಟಿ ನೋಡು!”

ಅವನು ಬೆರಳ ತುದಿಯಿಂದ ಮುಟ್ಟಿದ. “ಇಲ್ಲ ಖೋಲಾ. ಚೆನ್ನಾಗಿದೆ. ಒಣಗಿದೆ.”

“ಒಣಗಿಸಿದ್ರು.” ಅವಳು ಬೆರಳಿನಿಂದ ನೂಲಿನ ಗಂಟು ಸವರಿದಳು. “ಒಲೆ ಮುಂದೆ ಕೂತು ಒಣಗಿಸಿದ್ರು. ನಾನು ಚಾಕು ಅಂದ್ಕೊಂಡೆ! ಯಾಕೆ ಹೇಳ್ಲಿಲ್ಲ ಈ ಪಾಪಿ? ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು?”

ಗೈರತ್ ತನಗೆ ಗೊತ್ತಿದ್ದ ಕೆಲಸದ ಮಾತನ್ನೇ ಆಡಿದ. “ಇದನ್ನ ಬೇರೆ ಬಟ್ಟೇಲಿ ಕಟ್ಕೊಡ್ತೀನಿ. ಆಮೇಲೆ ಪಟ್ಟಿ ಗಟ್ಟಿಯಾಗಿ ಕೂರುತ್ತೆ.”

“ಅಲ್ಲೇ ಇಡು. ಇದ್ದಂಗೇ ಮುಚ್ಚು.”

“ಮತ್ತೆ ಅಲ್ಲಾಡುತ್ತೆ, ಖೋಲಾ.”

“ಅಲ್ಲಾಡ್ಲಿ.”

ಅವನು ಆ ಲಾಳದ ಮೊಳೆಗಳನ್ನೇ ಹುಡುಕಿ ತೆಗೆದು ಮೆಲ್ಲಗೆ ಬಡಿದ. ಅವಳು ಮನೆಗೆ ಬಂದಾಗ ಬಾಗಿಲಲ್ಲೇ ಕಟುಕ ಕಾಯುತ್ತಿದ್ದ. “ಆಯ್ತಾ ಖೋಲಾ, ರಿಪೇರಿ?”

“ಆಗ್ಲಿಲ್ಲ ಕಣಪ್ಪಾ” ಎಂದ ಮಸ್ತುರಾ ಚಾಕುವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಒಳಗೆ ಹೋದಳು.